ಮಲೆನಾಡಿನ ಮಳೆಗಾಲಕ್ಕೆ 56 ಮೊಟ್ಟೆಯ ಇನ್‌ಕ್ಯುಬೇಟರ್ ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಈ ಮಷೀನಿನ ಜೊತೆ ಬರುವ ಚೀಟಿಯಲ್ಲಿ ನೀರಿನ ಬಗ್ಗೆ ಬರೆದಿರುವುದನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮಳೆಗಾಲದಲ್ಲಿ ಹಾಗೇ ಪಾಲಿಸಬೇಡಿ. ಈ ಒಂದು ಮಾತು ಹೇಳಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ. ಮನೆ ಊಟಕ್ಕೆ ಮತ್ತು ಅಕ್ಕಪಕ್ಕದವರಿಗೆ ಕೊಡಲು ಕೋಳಿ ಸಾಕುತ್ತೇವೆ. ಮಷೀನ್ ತಂದಿದ್ದು ಶಿವಮೊಗ್ಗದಿಂದ. ಹಳದಿ ಪ್ಲಾಸ್ಟಿಕ್ ಡಬ್ಬ, ಮೇಲೆ ಫ್ಯಾನ್, ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಡಿಸ್‌ಪ್ಲೇ, ತಾನಾಗಿಯೇ ಮೊಟ್ಟೆ ಹೊರಳಿಸುವ ಟ್ರೇ. ಹತ್ತಾರು ಹೆಸರಿನಲ್ಲಿ ಹೆಚ್ಚುಕಮ್ಮಿ ಇದೇ ಡಬ್ಬ ಸಿಗುತ್ತದೆ, ಹಾಗಾಗಿ ಬ್ರ್ಯಾಂಡ್ ಹಿಡಿದು ಮಾತಾಡಿ ಪ್ರಯೋಜನವಿಲ್ಲ.

ಮೊದಲು ನೀರಿನ ವಿಷಯ. ಡಬ್ಬದ ತಳದಲ್ಲಿ ಎರಡು ಕಾಲುವೆ ಇವೆ. ಮೊದಲ ದಿನದಿಂದಲೇ ಒಂದನ್ನು ತುಂಬಿಸಿ, ಕೊನೆಗೆ ಎರಡನ್ನೂ ತುಂಬಿಸಿ ಅಂತ ಚೀಟಿ ಹೇಳುತ್ತದೆ. ಕೋಳಿ ಮೊಟ್ಟೆಗೆ ಮೊದಲ 18 ದಿನ ನೂರಕ್ಕೆ 50ರಿಂದ 55ರಷ್ಟು ತೇವಾಂಶ ಸಾಕು. ಆರಿದ್ರಾ ಮಳೆ ಹಿಡಿದುಕೊಂಡಾಗ ನಮ್ಮ ಮನೆಯೊಳಗಿನ ಗಾಳಿ 25 ಡಿಗ್ರಿ ಇದ್ದರೆ ತೇವಾಂಶ 90ರ ಮೇಲೇ ಇರುತ್ತದೆ, ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತದೆ. ಅದೇ ಗಾಳಿಯನ್ನು ಮಷೀನ್ 37.5 ಡಿಗ್ರಿಗೆ ಕಾಯಿಸಿದರೆ ಒಳಗೆ ತೇವಾಂಶ 45ರ ಸುಮಾರಿಗೆ ನಿಲ್ಲುತ್ತದೆ. ಮೊಟ್ಟೆಗಳಿಂದ ಆರುವ ನೀರೂ ಸೇರಿದರೆ 50ರ ಹತ್ತಿರ ಬಂತು. ಅಂದರೆ ಒಂದು ಹನಿ ನೀರು ಹಾಕದೆಯೇ ಬೇಕಾದಷ್ಟು ತೇವ ಒಳಗಿದೆ! ಅದರ ಮೇಲೆ ಕಾಲುವೆಯನ್ನೂ ತುಂಬಿಸಿದರೆ ಮೊಟ್ಟೆಯೊಳಗಿನ ನೀರು ಆರಬೇಕಾದಷ್ಟು ಆರುವುದಿಲ್ಲ. ದಪ್ಪ ತುದಿಯಲ್ಲಿರುವ ಗಾಳಿಯ ಜಾಗ ಚಿಕ್ಕದಾಗೇ ಉಳಿಯುತ್ತದೆ, ಪೂರ್ತಿ ಬೆಳೆದ ಮರಿ ಹೊರಗೆ ಬರುವ ಹೊತ್ತಿಗೆ ಉಸಿರು ಕಟ್ಟಿ ಸಾಯುತ್ತದೆ. ಮಷೀನ್ ಸರಿಯಿಲ್ಲ, ಮೊಟ್ಟೆ ಸರಿಯಿಲ್ಲ ಅಂತ ಬೇಜಾರು ಮಾಡಿಕೊಂಡು ಅಟ್ಟಕ್ಕೆ ಎತ್ತಿಟ್ಟವರನ್ನು ನಾನು ನೋಡಿದ್ದೇನೆ. ಅಷ್ಟು ದಿನ ಕಾದು ಕೊನೇ ದಿನ ಮರಿ ಕಳೆದುಕೊಳ್ಳುವುದು ತುಂಬಾ ಸಂಕಟದ ವಿಷಯ.

ಮಾಘ, ಫಾಲ್ಗುಣದ ಒಣ ಹವೆಯಲ್ಲಿ ಲೆಕ್ಕ ಪೂರಾ ಉಲ್ಟಾ. ಆಗ ನೀರು ಇಲ್ಲದಿದ್ದರೆ ಒಳಗಿನ ತೇವಾಂಶ 25ಕ್ಕೂ ಇಳಿಯಬಹುದು, ಕಾಲುವೆ ತುಂಬಲೇಬೇಕು.

ಚೀಟಿಗಿಂತ ತಕ್ಕಡಿಯನ್ನು ನಂಬಿ. ಮೊಟ್ಟೆ 18ನೇ ದಿನಕ್ಕೆ ತನ್ನ ತೂಕದಲ್ಲಿ ನೂರಕ್ಕೆ 12ರಿಂದ 13ರಷ್ಟು ಕಳೆದುಕೊಂಡಿರಬೇಕು. 40 ಗ್ರಾಂ ಇದ್ದದ್ದು ಸುಮಾರು 35 ಗ್ರಾಂ ಆಗಬೇಕು. ಇಡುವಾಗ ನಾಲ್ಕೈದು ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತೂಕ ಬರೆದಿಡಿ, ವಾರಕ್ಕೊಮ್ಮೆ ತೂಗಿ. ಇಳಿಯುತ್ತಿಲ್ಲ ಅಂದರೆ ಗಾಳಿ ಕಿಂಡಿ ಪೂರ್ತಿ ತೆಗೆಯಿರಿ.

ಡಿಸ್‌ಪ್ಲೇ ಬಗ್ಗೆ ನನಗೆ ಅಸಮಾಧಾನ ಇದೆ. ನಮ್ಮದರಲ್ಲಿ ಉಷ್ಣಾಂಶ ಅರ್ಧ ಡಿಗ್ರಿಗಿಂತ ಜಾಸ್ತಿ ತೋರಿಸುತ್ತಿತ್ತು, ಅಂದರೆ ಒಳಗೆ ನಿಜವಾಗಿ ಕಾವು ಕಡಿಮೆ. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟು ಹೋಲಿಸಿ. 99.5 ಫ್ಯಾರನ್‌ಹೀಟ್ ಅಂದರೆ ಸರಿಯಾಗಿ 37.5 ಡಿಗ್ರಿ. ತೇವಾಂಶ ಪರೀಕ್ಷೆಗೆ ಪ್ರತ್ಯೇಕ ಸಣ್ಣ ಮೀಟರ್ ಒಂದನ್ನು ತಗೊಳ್ಳಿ, ಅದನ್ನೂ ನೋಡದೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಷ್ಟು ಮಾತ್ರ ನೀರು ಚಿಮುಕಿಸಿ, ಮೀಟರ್ ಜೊತೆ ಗಾಳಿಯಾಡದ ಕವರಿನಲ್ಲಿ ರಾತ್ರಿಯಿಡೀ ಇಟ್ಟರೆ ಅದು 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟನ್ನು ಲೆಕ್ಕ ಹಿಡಿದರಾಯಿತು.

ಟ್ರೇ ಮಾಡಿರುವುದು ಫಾರಂ ಮೊಟ್ಟೆಯ ಅಳತೆಗೆ. ನಮ್ಮ ನಾಟಿ ಮೊಟ್ಟೆ ಸಣ್ಣದು, ಟ್ರೇ ಹೊರಳುವಾಗ ಕೆಲವು ಜಾರಿ ಅಡ್ಡಡ್ಡ ನಿಲ್ಲುತ್ತವೆ. ರಟ್ಟಿನ ಚೂರು ಸಿಕ್ಕಿಸಿದರೆ ಸರಿಯಾಗುತ್ತದೆ. ಗಿರಿರಾಜ ತಳಿಯ ಮೊಟ್ಟೆಗೆ ಈ ಗೋಳಿಲ್ಲ.

ಇನ್ನು ಕರೆಂಟು. ಮಲೆನಾಡಲ್ಲಿ ಮಳೆ ಗಾಳಿಗೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಸಾವಿರ ರೂಪಾಯಿ ಜಾಸ್ತಿ ಆದರೂ 12 ವೋಲ್ಟ್ ಬ್ಯಾಟರಿಯ ಸಾಕೆಟ್ ಇರುವುದನ್ನೇ ತಗೊಳ್ಳಿ. ಇನ್ವರ್ಟರ್ ಇದ್ದರೆ ಇನ್ನೂ ಒಳ್ಳೆಯದು, ಡಬ್ಬದ ಮೇಲೆ 80 ವ್ಯಾಟ್ ಅಂತ ಬರೆದಿದ್ದರೂ ಹೀಟರ್ ಬಿಟ್ಟು ಬಿಟ್ಟು ಉರಿಯುವುದರಿಂದ ಅಷ್ಟು ಎಳೆಯುವುದಿಲ್ಲ. ಎರಡೂ ಇಲ್ಲದಾಗ ಕಂಬಳಿ ಹೊದಿಸಿ, ಮುಚ್ಚಳ ತೆಗೆಯಬೇಡಿ. ಒಂದೆರಡು ಗಂಟೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಕಾವು ಕೂತ ಹೇಂಟೆಯೂ ದಿನಾ ಎದ್ದು ಹೋಗಿ ತಿಂದು ಬರುತ್ತದಲ್ವಾ? ಕಾವು ಜಾಸ್ತಿ ಆಗುವುದೇ ಹೆಚ್ಚು ಅಪಾಯ.

ಯಾವ ಮೊಟ್ಟೆ ಇಡುವುದು ಅಂತ ಸುಮಾರು ಜನ ಕೇಳುತ್ತಾರೆ. ಅಂಗಡಿ ಮೊಟ್ಟೆ ಬೇಡ, ಮೊಟ್ಟೆಗಾಗಿಯೇ ಕೋಳಿ ಸಾಕುವ ಲೇಯರ್ ಫಾರಂನಲ್ಲಿ ಹುಂಜವೇ ಇರಲ್ಲ. ಬ್ರಾಯ್ಲರ್ ಬೇಕಿದ್ದರೆ ಮರಿಯನ್ನೇ ತರಬೇಕು. ಎಂಟು ಹತ್ತು ಹೇಂಟೆಗೆ ಒಂದು ಒಳ್ಳೆಯ ಹುಂಜ ಇರುವ ಮನೆಯ ಮೊಟ್ಟೆ ತನ್ನಿ. ಒಂದು ವಾರಕ್ಕಿಂತ ಹಳೆಯದು ಬೇಡ, ಫ್ರಿಜ್‌ನಲ್ಲಿ ಇಟ್ಟಿದ್ದೂ ಬೇಡ, ತೊಳೆಯಬೇಡಿ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರು ಮಾಡಿದ ಗಿರಿರಾಜ, ಸ್ವರ್ಣಧಾರ ತಳಿ ಮಾಂಸಕ್ಕೆ ಚೆನ್ನ. ಆದರೆ ಅವು ಮಿಶ್ರ ತಳಿ, ಮನೆಯಲ್ಲಿ ಅವುಗಳ ಮೊಟ್ಟೆಯಿಂದಲೇ ಮರಿ ಮಾಡುತ್ತಾ ಹೋದರೆ ಅದೇ ತೂಕ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಬ್ರಾಯ್ಲರ್ ಆರು ವಾರಕ್ಕೆ ಎರಡು ಕೆಜಿ ತೂಗುತ್ತದೆ, ನಾಟಿಗೆ ತಿಂಗಳುಗಟ್ಟಲೆ ಕಾಯಬೇಕು. ಕಡುಬಿನ ಜೊತೆ ಸಾರು ಉಣ್ಣುವವರಿಗೆ ಆ ಕಾಯುವಿಕೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ, ರಕ್ತನಾಳ ಕಾಣದಿರುವುದನ್ನು ತೆಗೆಯಿರಿ. 18ನೇ ದಿನ ಹೊರಳಿಸುವ ಟ್ರೇ ತೆಗೆದು ತಳಕ್ಕೆ ಬಲೆ ಹಾಸಿ, ಮರಿಯ ಕಾಲು ಜಾರಬಾರದು. ತೇವಾಂಶ 65ರಿಂದ 70ಕ್ಕೆ ಏರಬೇಕು, ಮಳೆಗಾಲದಲ್ಲೂ ನೀರು ಹಾಕುವುದು ಆಗಲೇ. ಆಮೇಲೆ ಮುಚ್ಚಳ ಮುಟ್ಟಬೇಡಿ. 21ನೇ ದಿನ ಮೊದಲ ಮರಿ ಚಿಂವ್ ಅಂದಾಗ ತೆಗೆದು ನೋಡುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಹೊಟ್ಟೆಯೊಳಗಿನ ಹಳದಿಯ ಬಲದಲ್ಲಿ ಮರಿ ಒಂದು ದಿನ ಹಸಿವಿಲ್ಲದೆ ಇರುತ್ತದೆ. ಮಷೀನ್ ಇಟ್ಟ ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ, ಒಡೆಯುತ್ತಿರುವ ಮೊಟ್ಟೆಗೆ ಇರುವೆ ಮುತ್ತುತ್ತದೆ.

ನಮ್ಮಲ್ಲಿ ಟಾರ್ಚ್ ಪರೀಕ್ಷೆ ದಾಟಿದ ಮೊಟ್ಟೆಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮರಿಯಾಗುತ್ತಿವೆ. ಈ ಬೆಲೆಗೆ ಇದು ಒಳ್ಳೆಯ ಫಲ.

ಮರಿ ಬಂದ ಮೇಲೆ ಮಷೀನಿನ ಕೆಲಸ ಮುಗಿಯಿತು, ನಿಮ್ಮದು ಶುರು. ಮೊದಲ ವಾರ 35 ಡಿಗ್ರಿ ಬೆಚ್ಚಗೆ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಿ. ಎಲ್‌ಇಡಿ ಬಲ್ಬಿನ ಕಾವು ಸಾಲದು, ಹಳೇ ಫಿಲಮೆಂಟ್ ಬಲ್ಬನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಕೆಳಗೆ ಹಾಸಿದ ಉಮಿ ಒದ್ದೆಯಾದರೆ ರಕ್ತಭೇದಿ ಬರುತ್ತದೆ, ಮಳೆಗಾಲದಲ್ಲಿ ಆಗಾಗ ಬದಲಿಸಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಲಾಸೋಟಾ ಲಸಿಕೆಯ ಹನಿ, ಎರಡನೇ ವಾರ ಗುಂಬೋರೋ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಾಸೋಟಾ. ಒಂದು ಶೀಶೆಯಲ್ಲಿ ನೂರಾರು ಮರಿಗಾಗುವಷ್ಟು ಲಸಿಕೆ ಇರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಅಕ್ಕಪಕ್ಕದ ಮನೆಯವರು ಒಂದೇ ವಾರದಲ್ಲಿ ಮರಿ ಮಾಡಿಸಿ ಹಂಚಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಕಾವು ಕೂತ ಹೇಂಟೆ ಇದ್ದರೆ ಇನ್ನೂ ಸುಲಭ. ಮಷೀನಿಗೆ ಮೊಟ್ಟೆ ಇಡುವ ದಿನವೇ ಅದಕ್ಕೂ ಐದಾರು ಮೊಟ್ಟೆ ಇಡಿ, ಮರಿಯಾದ ರಾತ್ರಿ ಮಷೀನಿನ ಮರಿಗಳನ್ನು ಅದರ ರೆಕ್ಕೆಯಡಿ ಮೆಲ್ಲಗೆ ಸೇರಿಸಿ. ಎಷ್ಟು ಮರಿ ರೆಕ್ಕೆಯೊಳಗೆ ಹಿಡಿಯುತ್ತವೋ ಅಷ್ಟೇ ಬಿಡಿ, ಉಳಿದದ್ದು ಬಲ್ಬಿನ ಕೆಳಗಿರಲಿ.

ಕೊಳ್ಳುವಾಗ ಅಂಗಡಿಯಲ್ಲಿ ಫ್ಯಾನ್ ಮತ್ತು ಹೊರಳಿಸುವ ಮೋಟಾರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಸಿಗಲ್ಲ ಅಂದರೆ ಬೇರೆ ಅಂಗಡಿ ನೋಡಿ. ಫ್ಯಾನನ್ನು ಒಂದು ಹೆಚ್ಚುವರಿ ಮೊದಲೇ ತಂದಿಟ್ಟುಕೊಳ್ಳಿ, 15ನೇ ದಿನ ಅದು ನಿಂತರೆ ಶಿವಮೊಗ್ಗಕ್ಕೆ ಹೋಗಿ ಬರುವಷ್ಟು ಪುರುಸೊತ್ತು ಇರುವುದಿಲ್ಲ.