ಎಸ್‌ಎಂಇ ಪೇಟೆ: ಒಂದೇ ಲಾಟ್, ಎರಡು ವರ್ಷ

ಪೀಣ್ಯದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸರ್ಕ್ಯೂಟ್ ಬೋರ್ಡು ಪರೀಕ್ಷೆ ಮಾಡಿದವಳು ನಾನು. 2023ರಲ್ಲಿ ಬೆಂಗಳೂರಿನದೇ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕಂಪನಿ ಎಸ್‌ಎಂಇ ಪೇಟೆಯಲ್ಲಿ, ಅಂದರೆ ಸಣ್ಣ-ಮಧ್ಯಮ ಕಂಪನಿಗಳ ಷೇರು ಪೇಟೆಯಲ್ಲಿ, ಐಪಿಒ (ಜನರಿಗೆ ಮೊದಲ ಸಲ ಷೇರು ಮಾರಾಟ) ತಂದಾಗ, ಅದರ ಪ್ರಾಸ್ಪೆಕ್ಟಸನ್ನು (ಕಂಪನಿಯ ವಿವರ ಪತ್ರ) ಮೂರು ರಾತ್ರಿ ಕೂತು ಓದಿದೆ. ಅವರು ಮಾಡುವ ಕೆಲಸ ನನಗೆ ಗೊತ್ತಿದ್ದದ್ದು. ಷೇರಿಗೆ 118 ರೂಪಾಯಿ, ಲಾಟಿಗೆ, ಅಂದರೆ ಒಡೆಯದೆ ಕೊಳ್ಳಬೇಕಾದ ಒಂದು ಕಟ್ಟಿಗೆ, 1,200 ಷೇರು, ಒಟ್ಟು 1,41,600. ಷೇರು ಹಂಚುವ ಲಾಟರಿಯಲ್ಲಿ ನನಗೆ ಸಿಕ್ಕಿತು.

ಬಿಎಸ್‌ಇ ಎಸ್‌ಎಂಇ, ಎನ್‌ಎಸ್‌ಇ ಎಮರ್ಜ್ ಅನ್ನುವ ಇಂಥ ಎರಡು ಪೇಟೆಗಳೂ 2012ರಲ್ಲಿ ಶುರುವಾದವು. ದೊಡ್ಡ ಪೇಟೆಗೆ ಹೋಗುವಷ್ಟು ಬೆಳೆಯದ ಕಂಪನಿಗಳಿಗೆ ಬಂಡವಾಳ ಸಿಗಲಿ ಅಂತ ಮಾಡಿದ್ದು. ಪಟ್ಟಿಯಾದ ಮೇಲೆ ಮೂರು ವರ್ಷ ಮಾರ್ಕೆಟ್ ಮೇಕರ್ ಇರಲೇಬೇಕು, ಅಂದರೆ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಹೇಳುತ್ತಾ ಕೂರುವ ಬ್ರೋಕರ್.

ಆದರೂ ಕಷ್ಟ ಬಂದದ್ದು ಅಲ್ಲೇ. ಕಳೆದ ವರ್ಷ ಮಗಳ ಹಾಸ್ಟೆಲ್ಲಿಗೆ ಅರವತ್ತು ಸಾವಿರ ಬೇಕಾಯಿತು. ಷೇರು ಮೇಲೇರಿತ್ತು, ಒಂದಷ್ಟು ಮಾರೋಣ ಅಂದುಕೊಂಡೆ. ಆಗಲಿಲ್ಲ. ಇಲ್ಲಿ ವ್ಯವಹಾರವೆಲ್ಲ ಲಾಟ್ ಲೆಕ್ಕದಲ್ಲೇ. ಮಾರಿದರೆ 1,200 ಷೇರೂ ಹೋಗಬೇಕು. ಆ ದಿನ ಕೊಳ್ಳುವವರು 163 ಅಂದರೆ ಮಾರುವವರು 174. ಒಂದು ಲಾಟಿಗೆ ಆ ಅಂತರವೇ 13,200 ರೂಪಾಯಿ! ಕೊನೆಗೆ ಬಳೆ ಅಡವಿಟ್ಟೆ, ಲಾಟ್ ಮುಟ್ಟಲಿಲ್ಲ.

2024ರ ಆಗಸ್ಟಿನಲ್ಲಿ ದೆಹಲಿಯ ಒಂದು ಬೈಕ್ ಡೀಲರ್ ಕಂಪನಿ, ಎರಡು ಷೋರೂಮು, ಎಂಟೇ ಜನ ನೌಕರರು, ಇದೇ ಪೇಟೆಯ ಐಪಿಒದಲ್ಲಿ ಸುಮಾರು 12 ಕೋಟಿ ಕೇಳಿದರೆ 4,800 ಕೋಟಿಗೆ ಅರ್ಜಿ ಬಂತು. ಇದನ್ನು ನೋಡಿ ನನಗೆ ಭಯವಾಯಿತು. ಪ್ರಾಸ್ಪೆಕ್ಟಸ್ ಓದಿದ್ದವರು ಅವರಲ್ಲಿ ಎಷ್ಟು ಜನ?

2025ರಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ನಿಯಮ ಬಿಗಿ ಮಾಡಿದೆ. ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷವಾದರೂ ಒಂದು ಕೋಟಿ ಕಾರ್ಯಾಚರಣೆ ಲಾಭ ಇರಬೇಕು. ಹಳೇ ಮಾಲೀಕರು ಇಶ್ಯೂವಿನ (ಐಪಿಒದಲ್ಲಿ ಮಾರಾಟಕ್ಕಿಟ್ಟ ಒಟ್ಟು ಷೇರಿನ) ಶೇ. 20ಕ್ಕಿಂತ ಹೆಚ್ಚು ತಮ್ಮ ಷೇರು ಮಾರುವಂತಿಲ್ಲ. ಇವೆರಡೂ ಬೇಕಾಗಿದ್ದವು. ಆದರೆ ಈಗ ಕನಿಷ್ಠ ಅರ್ಜಿಯೂ ಎರಡು ಲಾಟ್, ಎರಡು ಲಕ್ಷಕ್ಕೂ ಮೇಲೆ. ಸಂಬಳದ ಮನೆಗೆ ಇದು ಭಾರ, ಜೂಜಿನವರನ್ನು ದೂರ ಇಡಲಿಕ್ಕೆ ಅಂದರೂ.

ಹಾಗಿದ್ದೂ ನಾನು ಇಟ್ಟುಕೊಂಡಿರುವುದಕ್ಕೆ ಕಾರಣ ಇದೆ. ವಾರ್ಷಿಕ ಸಭೆಗೆ ವಿಡಿಯೋದಲ್ಲಿ ಸೇರಿದ್ದು ಹತ್ತೊಂಬತ್ತು ಜನ. ಒಬ್ಬನೇ ಗ್ರಾಹಕನಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುವುದು ಅಪಾಯ ಅಲ್ಲವೇ ಅಂತ ಕೇಳಿದೆ. ಎಂಡಿ ತಾವೇ ಮೈಕ್ ಆನ್ ಮಾಡಿ, ಹೊಸ ಇಬ್ಬರು ಗ್ರಾಹಕರ ಬೋರ್ಡುಗಳ ಬಗ್ಗೆ ಹತ್ತು ನಿಮಿಷ ವಿವರಿಸಿದರು. ದೊಡ್ಡ ಕಂಪನಿಯಲ್ಲಿ ನನ್ನ ಪ್ರಶ್ನೆ ಸರದಿಗೇ ಬರುತ್ತಿರಲಿಲ್ಲ. ಮುಂದಿನ ಸಭೆಗೆ ಬಾಕಿ ವಸೂಲಿಯ ದಿನಗಳ ಲೆಕ್ಕ, ಅಂದರೆ ಗ್ರಾಹಕರಿಂದ ಹಣ ಕೈಗೆ ಬರಲು ಎಷ್ಟು ದಿನ ಅನ್ನುವುದನ್ನು, ಬರೆದಿಟ್ಟುಕೊಂಡಿದ್ದೇನೆ.