ಎಲೆಕ್ಟ್ರೊಲೈಸರ್‌ಗೆ ಯಾವ ನಾಫಿಯಾನ್: 117, 115, 212?

ಕರೆಂಟ್ ಹರಿಸಿ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯುವ ಯಂತ್ರ ಎಲೆಕ್ಟ್ರೊಲೈಸರ್. ಅದರ ಎರಡು ಬದಿಗಳ ನಡುವೆ ಕೂತು ಪ್ರೋಟಾನನ್ನು ದಾಟಿಸುವ ಪ್ಲಾಸ್ಟಿಕ್ ಪೊರೆ ನಾಫಿಯಾನ್. ಕೆಮೂರ್ಸ್ ಕಂಪನಿಯ ಈ ಮೂರು ಪೊರೆಗಳ ಮೂಲದ್ರವ್ಯ ಹೆಚ್ಚುಕಡಿಮೆ ಒಂದೇ. ದಪ್ಪ ಮಾತ್ರ ಬೇರೆ: ಕ್ರಮವಾಗಿ 183, 127 ಮತ್ತು 51 ಮೈಕ್ರಾನ್. ಕರೆಂಟ್ ಬಿಲ್ಲಿನ ಒಂದು ದೊಡ್ಡ ಪಾಲು ಅಡಗಿರುವುದು ಇಲ್ಲೇ.

ಚೆನ್ನಾಗಿ ನೆನೆದ ನಾಫಿಯಾನ್‌ನ ವಾಹಕತೆ ಕೋಣೆಯ ಉಷ್ಣತೆಯಲ್ಲಿ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್. ಚದರ ಸೆಂಟಿಮೀಟರಿಗೆ 2 ಆಂಪಿಯರ್ ಹರಿಸಿದರೆ 117ರಲ್ಲಿ 0.37 ವೋಲ್ಟ್ ಬರೀ ಶಾಖವಾಗಿ ಹೋಗುತ್ತದೆ, 115ರಲ್ಲಿ 0.25, 212ರಲ್ಲಿ 0.1. ಸೆಲ್‌ನ ಒಂದು ವೋಲ್ಟ್ ಎಂದರೆ ಕಿಲೋ ಹೈಡ್ರೋಜನ್‌ಗೆ 26.6 ಯೂನಿಟ್. ಅಂದರೆ 117 ಬಿಟ್ಟು 212 ಹಾಕಿದರೆ ಕಿಲೋಗೆ 7 ಯೂನಿಟ್ ಉಳಿತಾಯ! ಸೆಲ್ ಬಿಸಿಯಾದಷ್ಟೂ ನಷ್ಟವೂ ಅಂತರವೂ ಇಳಿಯುತ್ತವೆ, ಆದರೆ ಮಾಯವಾಗುವುದಿಲ್ಲ.

ಹಾಗೆಂದು ಕಣ್ಣುಮುಚ್ಚಿ 212 ಕೊಳ್ಳಬೇಡಿ. ಪೊರೆ ತೆಳುವಾದಷ್ಟೂ ಹೈಡ್ರೋಜನ್ ಆಮ್ಲಜನಕದ ಕಡೆಗೆ ನುಸುಳುತ್ತದೆ. ಹೈಡ್ರೋಜನ್ ಬದಿಯಲ್ಲಿ ಒತ್ತಡ ಹೆಚ್ಚಿಟ್ಟರೆ ಇನ್ನೂ ಹೆಚ್ಚು. ಕರೆಂಟ್ ಇಳಿಸಿದಾಗ ಆಮ್ಲಜನಕದ ಉತ್ಪಾದನೆ ಕುಗ್ಗುತ್ತದೆ, ನುಸುಳುವಿಕೆ ಅಷ್ಟಾಗಿ ಕುಗ್ಗುವುದಿಲ್ಲ. ಆಗ ಆಮ್ಲಜನಕದಲ್ಲಿ ಹೈಡ್ರೋಜನ್ 4% ದಾಟಿದರೆ ಸ್ಫೋಟದ ಅಪಾಯ. ಸೋಲಾರ್‌ಗೆ ನೇರವಾಗಿ ಜೋಡಿಸುವವರು, ಮೋಡ ಕವಿದ ಹೊತ್ತನ್ನು ಲೆಕ್ಕಕ್ಕೆ ಹಿಡಿದು 115ಕ್ಕೇ ನಿಲ್ಲುವುದು ಲೇಸು. ಒತ್ತಡದ ಅಂತರ ದೊಡ್ಡದಿದ್ದರೆ 117.

ಬಳಕೆಗೆ ಮುಂಚೆ 117 ಮತ್ತು 115ನ್ನು 80 ಡಿಗ್ರಿಯಲ್ಲಿ ಒಂದೊಂದು ಗಂಟೆ ಹೀಗೆ ಹದಮಾಡಿ: 3% ಹೈಡ್ರೋಜನ್ ಪೆರಾಕ್ಸೈಡ್, ಡಿಐ ನೀರು (ಅಯಾನು ತೆಗೆದ ಶುದ್ಧ ನೀರು), 0.5 ಮೋಲಾರ್ ಗಂಧಕಾಮ್ಲ, ಮತ್ತೆ ಡಿಐ ನೀರು. 212ರ ಎರಡೂ ಬದಿಗೆ ರಕ್ಷಣಾ ಹಾಳೆ ಇರುತ್ತದೆ, ಎರಡನ್ನೂ ಕಿತ್ತಿರಬೇಕು. ಒಂದು ಉಳಿದರೂ ಸೆಲ್ ಓಡದು. ನೆನೆದ ಪೊರೆ ಹಿಗ್ಗುತ್ತದೆ, ಗ್ಯಾಸ್ಕೆಟ್‌ನ ಅಳತೆಯನ್ನು ಒಣ ಹಾಳೆ ನೋಡಿ ಕತ್ತರಿಸಬೇಡಿ.

ಸ್ಟೇನ್‌ಲೆಸ್ ಸ್ಟೀಲ್ ಪೈಪಿನಿಂದ ಬಿಡುವ ಕಬ್ಬಿಣದ ಅಯಾನು ಪೊರೆಯ ಪರಮಶತ್ರು. ಅದು ಪ್ರೋಟಾನಿನ ಜಾಗ ಹಿಡಿದು ರೋಧ ಏರಿಸುತ್ತದೆ, ಸೆಲ್‌ನೊಳಗೇ ಹುಟ್ಟುವ ಪೆರಾಕ್ಸೈಡ್ ಜೊತೆ ಸೇರಿ ಪೊರೆಯನ್ನೇ ತಿನ್ನುತ್ತದೆ. ಮರುಬಳಕೆಯ ನೀರಿನ ಲೂಪ್‌ನಲ್ಲಿ ಇಂಥ ಅಯಾನುಗಳನ್ನು ಹಿಡಿದಿಡುವ ಅಯಾನ್-ಎಕ್ಸ್‌ಚೇಂಜ್ ರೆಸಿನ್ ಇರಲೇಬೇಕು. ಸುಮಾರು 1 ಕಿಲೋಹರ್ಟ್ಸ್‌ನಲ್ಲಿ ಅಳೆದ ರೋಧ ಮೇಲಿನ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಪೊರೆಯನ್ನೇ ದೂರಬೇಡಿ: ಆನೋಡ್ (ಆಮ್ಲಜನಕ ಹುಟ್ಟುವ) ಬದಿಯ ಟೈಟಾನಿಯಂ ಮೇಲೆ ಆಕ್ಸೈಡ್ ಪದರ ಕಟ್ಟಿದೆಯೇ ನೋಡಿ. ಪ್ಲಾಟಿನಂ ಲೇಪನ ಇದಕ್ಕೆ ಮದ್ದು.

ಹೈಡ್ರೋಜನ್‌ನಿಂದ ಕರೆಂಟ್ ತೆಗೆಯುವ, ಕಡಿಮೆ ಒತ್ತಡದ ಫ್ಯೂಯಲ್ ಸೆಲ್‌ಗೆ ಮಾತ್ರ ಎರಡನೇ ಯೋಚನೆ ಬೇಡ, 212 ತೆಗೆದುಕೊಳ್ಳಿ. ಅನಿಲದ ತೇವ ಕಾಪಾಡಿ. ಒಣಗಿದರೆ ತೆಳು ಪೊರೆಯ ಲಾಭವೆಲ್ಲ ಕೈತಪ್ಪುತ್ತದೆ.