ಟ್ಯೂಬ್ ರೆಕ್ಟಿಫೈಯರೋ, ಡಯೋಡೋ?

ಟ್ಯೂಬ್ ಗಿಟಾರ್ ಆಂಪ್‌ನಲ್ಲಿ (ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಗಿಟಾರಿನ ಸದ್ದು ರೆಕ್ಟಿಫೈಯರ್ ಮೂಲಕ ಹಾಯುವುದೇ ಇಲ್ಲ. ಮನೆಯ ಎಸಿ ವಿದ್ಯುತ್ತನ್ನು ಆಂಪ್‌ಗೆ ಬೇಕಾದ ಡಿಸಿ ಮಾಡುವುದಷ್ಟೇ ಅದರ ಕೆಲಸ; ಅದು ಗಾಜಿನ ಟ್ಯೂಬೂ ಆಗಿರಬಹುದು, ಸಿಲಿಕಾನ್ ಡಯೋಡೂ ಆಗಿರಬಹುದು. ಆದರೂ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ.

ತಂತಿಯನ್ನು ಜೋರಾಗಿ ಮೀಟಿದಾಗ ಸ್ಪೀಕರನ್ನು ನಡೆಸುವ ಪವರ್ ಟ್ಯೂಬ್‌ಗಳು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ. ಟ್ಯೂಬ್ ರೆಕ್ಟಿಫೈಯರಿನ ಒಳರೋಧ ಹೆಚ್ಚು, ಹಾಗಾಗಿ ವೋಲ್ಟೇಜ್ ಕುಸಿಯುತ್ತದೆ; ಸ್ವರದ ಮೊದಲ ಏಟು ಮೆತ್ತಗಾಗಿ, ಆಮೇಲೆ ನಿಧಾನಕ್ಕೆ ಅರಳುತ್ತದೆ. ಇದೇ ‘ಸ್ಯಾಗ್’. ಸಿಲಿಕಾನ್ ಡಯೋಡ್ ನುಂಗುವುದು ಸುಮಾರು ಒಂದು ವೋಲ್ಟ್ ಮಾತ್ರ. ಏಟು ಬಿಗಿ, ಬಾಸ್ ಗಟ್ಟಿ. ವೇಗದ ಮೆಟಲ್ ರಿಫ್‌ಗೆ ನಾನಾದರೆ ಡಯೋಡನ್ನೇ ಆರಿಸುವೆ, ಬ್ಲೂಸ್‌ಗೆ ಟ್ಯೂಬ್.

ರೆಕ್ಟಿಫೈಯರ್ ಟ್ಯೂಬ್‌ಗಳೂ ಎಲ್ಲ ಒಂದೇ ಅಲ್ಲ. 5ವೈ3 ಎಂಬ ಮಾದರಿ ಪೂರ್ಣ ಹೊರೆಯಲ್ಲಿ 50-60 ವೋಲ್ಟ್ ನುಂಗಿದರೆ, ಜಿಜೆಡ್34 ಎಂಬ ಮಾದರಿ ನುಂಗುವುದು 20ಕ್ಕಿಂತ ಕಡಿಮೆ. ಅದು ಡಯೋಡಿನ ಹತ್ತಿರದ ನೆಂಟ ಅನ್ನಿ.

ಒಂದೇ ಪವರ್ ಟ್ಯೂಬಿನ ಕ್ಲಾಸ್ ಎ (ಟ್ಯೂಬಿನಲ್ಲಿ ಸದಾ ಕರೆಂಟ್ ಹರಿಯುವ) ಆಂಪ್ ಕೊಳ್ಳುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅದು ಎಳೆಯುವ ಕರೆಂಟ್ ಅಷ್ಟಾಗಿ ಬದಲಾಗುವುದಿಲ್ಲ. ಸಣ್ಣ ವಾಲ್ಯೂಮಿನಲ್ಲಿ ನುಡಿಸುವವರಿಗೂ ಸ್ಯಾಗ್ ಸಿಗುವುದು ಅಪರೂಪ.

ತೀರ್ಮಾನಿಸಲಾಗದವರಿಗೆ ಮೆಸಾ ಬೂಗಿ ಕಂಪನಿಯ ಡ್ಯುಯಲ್ ರೆಕ್ಟಿಫೈಯರ್ ಎಂಬ ಆಂಪ್ ಇದೆ. ಸ್ವಿಚ್ಚಿನಲ್ಲಿ ಎರಡೂ ಸಿಗುತ್ತವೆ. ಟ್ಯೂಬ್ ಕಿತ್ತು ಅದೇ ಸಾಕೆಟ್ಟಿಗೆ ಡಯೋಡ್ ಹಾಕುವ ಆಸೆಯಿದ್ದರೆ, ವೋಲ್ಟೇಜ್ ಏರುತ್ತದೆ ಎಂಬುದು ನೆನಪಿರಲಿ: ಬಯಾಸ್ (ಪವರ್ ಟ್ಯೂಬ್ ಸುಮ್ಮನಿದ್ದಾಗ ಎಳೆಯುವ ಕರೆಂಟಿನ ಹೊಂದಿಕೆ) ಮತ್ತು ಕೆಪಾಸಿಟರ್‌ಗಳ ವೋಲ್ಟೇಜ್ ಮಿತಿ, ಎರಡನ್ನೂ ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಿ.